ಓದುಗರ ಪ್ರಶ್ನೆಗಳು: ಅನುದಾನದಲ್ಲಿ ನಡೆದ ಕಲಾ ಯೋಜನೆಯ ಫಲವನ್ನು ಅಳೆಯುವುದು, ವರದಿ ಬರೆಯುವುದು

ಸರ್ಕಾರದ ಧನಸಹಾಯ, ಅಕಾಡೆಮಿಗಳ ಅನುದಾನ ಅಥವಾ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿ ಪಡೆದು ಊರುಕೇರಿಗಳಲ್ಲಿ ಕಲಾ ತರಬೇತಿ, ಪ್ರದರ್ಶನ, ದಾಖಲೀಕರಣ ನಡೆಸುವ ತಂಡಗಳ ಪತ್ರಗಳಲ್ಲಿ ಇತ್ತೀಚೆಗೆ ಒಂದೇ ಚಿಂತೆ ಮತ್ತೆ ಮತ್ತೆ ಕಾಣುತ್ತಿದೆ. ಕೆಲಸ ಮಾಡಿದ್ದೇವೆ, ಖರ್ಚಿನ ಲೆಕ್ಕವೂ ಸರಿಯಿದೆ, ಆದರೆ ಅದರಿಂದ ಏನಾಯಿತು ಎಂಬುದನ್ನು ಬರವಣಿಗೆಯಲ್ಲಿ ತೋರಿಸುವುದು ಹೇಗೆಂದು ತಿಳಿಯುತ್ತಿಲ್ಲ ಎನ್ನುವುದೇ ಆ ಚಿಂತೆ. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ಒಂದು ಕಂಪನಿಯ ಸಿಎಸ್‌ಆರ್ ನೆರವಿನಿಂದ ನಾವು ಒಂದು ವರ್ಷ ಯುವಕ ಯುವತಿಯರಿಗೆ ತೊಗಲುಗೊಂಬೆಯಾಟದ ತರಬೇತಿ ನಡೆಸಿದೆವು. ಎಷ್ಟು ತರಗತಿ, ಎಷ್ಟು ಪ್ರದರ್ಶನ, ಎಷ್ಟು ಪ್ರೇಕ್ಷಕರು ಎಂದು ಬರೆದು, ಫೋಟೋಗಳನ್ನು ಲಗತ್ತಿಸಿ ಕಳಿಸಿದ ವರದಿಯನ್ನು ‘ಇದು ಚಟುವಟಿಕೆಗಳ ಪಟ್ಟಿ, ಫಲಿತಾಂಶ ಎಲ್ಲಿದೆ?’ ಎಂದು ಕೇಳಿ ಹಿಂದಿರುಗಿಸಿದ್ದಾರೆ. ಇನ್ನೇನು ಬರೆಯಬೇಕು?
— ಕೊಪ್ಪಳ ಜಿಲ್ಲೆಯ ಒಂದು ಸಂಸ್ಥೆಯ ಕಾರ್ಯದರ್ಶಿ

ಉತ್ತರ: ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ತರಗತಿಗಳ ಸಂಖ್ಯೆ ನೀವು ಮಾಡಿದ ಕೆಲಸವನ್ನು ಹೇಳುತ್ತದೆ. ಆ ಕೆಲಸದಿಂದ ಕಲಿತವರಲ್ಲಿ, ಕಲಿಸಿದವರಲ್ಲಿ, ಊರಿನಲ್ಲಿ ಏನು ಬದಲಾಯಿತು ಎಂಬುದು ಫಲಿತಾಂಶ. ಪ್ರೇಕ್ಷಕರ ಸಂಖ್ಯೆಯೂ ಅಷ್ಟೆ. ಜಾತ್ರೆಯಲ್ಲಿ ಆಟ ಆಡಿದರೆ ಸಾವಿರಾರು ಜನ ಹಾದುಹೋಗುತ್ತಾರೆ, ಅವರಲ್ಲಿ ಕೂತು ನೋಡಿದವರೆಷ್ಟು, ನಿಂತು ಮುಂದೆ ಹೋದವರೆಷ್ಟು ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ.

ಆದರೆ ಫಲಿತಾಂಶವೆಂದ ಕೂಡಲೇ ‘ಸಾಮಾಜಿಕ ಸಾಮರಸ್ಯ ವೃದ್ಧಿ’, ‘ಸಮುದಾಯದ ಸಬಲೀಕರಣ’ ಎಂಬಂಥ ದೊಡ್ಡ ಮಾತುಗಳನ್ನು ಹುಡುಕಲು ಹೋಗಬೇಡಿ. ನಿಮ್ಮ ಕಲೆಯೇ ತಲೆಮಾರುಗಳಿಂದ ತನ್ನದೊಂದು ಅಳತೆಯನ್ನು ಇಟ್ಟುಕೊಂಡಿದೆ, ಮೊದಲು ಅದನ್ನು ಬಳಸಿ. ಹೊಸಬ ಕಲಾವಿದ ಎಲ್ಲಿಗೆ ಬಂದಿದ್ದಾನೆಂದು ಗೊಂಬೆಯಾಟದ ಮನೆತನಗಳ ಹಿರಿಯರು ಯಾವ ನಮೂನೆಯನ್ನೂ ತುಂಬದೆ ಹೇಳಬಲ್ಲರು. ನೆರಳು ಕದಡದಂತೆ ಗೊಂಬೆಯನ್ನು ಪರದೆಗೆ ಒತ್ತಿ ನಡೆಸಲು ಬರುತ್ತದೆಯೇ, ಮಾತಿಗೆ ಸರಿಯಾಗಿ ಗೊಂಬೆಯ ಕೈ ಆಡುತ್ತದೆಯೇ, ಎರಡು ಕೈಯಲ್ಲಿ ಎರಡು ಗೊಂಬೆ ಹಿಡಿದು ಎರಡು ದನಿಯಲ್ಲಿ ಸಂವಾದ ನಡೆಸಬಲ್ಲರೇ, ಹಿಮ್ಮೇಳದ ಜೊತೆ ಪದ ಎತ್ತಬಲ್ಲರೇ, ಹಾಸ್ಯಪಾತ್ರಗಳಾದ ಕಿಳ್ಳೇಕ್ಯಾತ–ಬಂಗಾರಕ್ಕರ ಮಾತುಗಳನ್ನು ಆಯಾ ಊರಿಗೆ ತಕ್ಕಂತೆ ಸ್ಥಳದಲ್ಲೇ ಕಟ್ಟಬಲ್ಲರೇ, ಕೊನೆಗೆ ಒಂದು ಪ್ರಸಂಗವನ್ನು ಯಾರ ನೆರವೂ ಇಲ್ಲದೆ ದಡ ಮುಟ್ಟಿಸಬಲ್ಲರೇ ಎಂಬ ಈ ಮೆಟ್ಟಿಲುಗಳನ್ನು ನಿಮ್ಮ ಗುರುಗಳೊಡನೆ ಕೂತು ಬರೆದುಕೊಳ್ಳಿ. ಗೊಂಬೆ ಮಾಡುವ ಕೆಲಸವನ್ನೂ ಕಲಿಸಿದ್ದರೆ ಚರ್ಮ ಹದಮಾಡುವುದು, ಚಿತ್ರ ಬರೆಯುವುದು, ರಂಧ್ರ ಕೊರೆಯುವುದು, ಬಣ್ಣ ತುಂಬುವುದು ಬೇರೆಯದೇ ಒಂದು ಸಾಲು. ಪ್ರತಿಯೊಬ್ಬ ಕಲಿಕಾರ್ಥಿಯೂ ಸೇರಿದಾಗ ಯಾವ ಮೆಟ್ಟಿಲಿನಲ್ಲಿದ್ದರು, ಈಗ ಎಲ್ಲಿದ್ದಾರೆ ಎಂಬುದನ್ನು ಒಂದು ಪುಟದಲ್ಲಿ ಬರೆದರೆ, ಹತ್ತು ಪುಟ ವಿವರಣೆ ಹೇಳಲಾರದ್ದನ್ನು ಅದು ಹೇಳುತ್ತದೆ. ನಿರ್ಣಯ ಕೊಡುವವರಲ್ಲಿ ತರಬೇತಿ ನೀಡಿದ ಗುರುಗಳ ಜೊತೆಗೆ ಇನ್ನೊಂದು ಮೇಳದ ಹಿರಿಯರೊಬ್ಬರೂ ಇರಲಿ. ಸ್ವಂತ ಶಿಷ್ಯರನ್ನು ಕಂಡಾಗ ಗುರುವಿನ ಮನಸ್ಸು ಕರಗುವುದು ಸಹಜ.

ಇದಾದ ಮೇಲೆ ಎರಡು ವಿಷಯಗಳನ್ನು ಸೇರಿಸಿ. ತರಬೇತಿ ಮುಗಿದ ಬಳಿಕ ಎಷ್ಟು ಜನರು ಸಂಭಾವನೆ ಪಡೆದು ಆಡಿದ್ದಾರೆ, ಯಾವ ಮೇಳದೊಡನೆ, ಯಾವ ಊರಿನಲ್ಲಿ ಎಂಬುದು ಒಂದು. ಗುರುಗಳ ಮನೆಯಲ್ಲಿ ಏನಾಯಿತು ಎಂಬುದು ಇನ್ನೊಂದು. ಗೌರವಧನ ಬಂದದ್ದರಿಂದ ಪೆಟ್ಟಿಗೆ ಸೇರಿದ್ದ ಹಳೆಯ ಗೊಂಬೆಗಳು ದುರಸ್ತಿಯಾದವೇ, ಕೂಲಿಗೆ ಹೋಗುತ್ತಿದ್ದ ಮಗ ಮತ್ತೆ ಮೃದಂಗ ಹಿಡಿದನೇ? ವರದಿಗಳಲ್ಲಿ ಕಲಿತವರ ಬಗ್ಗೆ ಮಾತ್ರ ಬರೆಯುವುದು ರೂಢಿಯಾಗಿದೆ. ಕಲಿಸಿದ ಮನೆತನಕ್ಕೆ ದಕ್ಕಿದ್ದೇನೆಂದು ಬರೆಯುವುದು ನನ್ನ ಎಣಿಕೆಯಲ್ಲಿ ಅದಕ್ಕಿಂತ ಮುಖ್ಯ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 2025ರಲ್ಲಿ ನಿಮ್ಮದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆ ಸುದ್ದಿಯ ನಂತರ ಗೊಂಬೆಯಾಟದ ಬಗ್ಗೆ ಜನರ ಆಸಕ್ತಿ ಹೆಚ್ಚಿದ್ದರೆ, ನಿಮ್ಮ ತಂಡಕ್ಕೆ ಹೆಚ್ಚು ಆಹ್ವಾನಗಳು ಬಂದಿದ್ದರೆ, ಅದೆಲ್ಲವೂ ತರಬೇತಿಯ ಫಲವೆಂದು ಬರೆಯಬಾರದು. ‘ಆಹ್ವಾನಗಳು ಹೆಚ್ಚಿವೆ, ಪ್ರಶಸ್ತಿಯಿಂದ ಬಂದ ಗಮನವೂ ಇದಕ್ಕೆ ಕಾರಣ, ಬಂದ ಆಹ್ವಾನಗಳನ್ನು ಒಪ್ಪಿಕೊಳ್ಳಲು ತರಬೇತಾದ ಕಲಾವಿದರು ನಮ್ಮಲ್ಲಿದ್ದರು’ ಎಂದು ಬರೆಯಿರಿ. ಇಷ್ಟು ಎಚ್ಚರ ತೋರುವ ವರದಿಯ ಉಳಿದ ಮಾತುಗಳನ್ನೂ ಓದುವವರು ನಂಬುತ್ತಾರೆ.

ಪ್ರಶ್ನೆ: ಶಾಲಾ ಮಕ್ಕಳಿಗೆ ಯಕ್ಷಗಾನ ಕಲಿಸುವ ನಮ್ಮ ಯೋಜನೆಯ ಉದ್ದೇಶಗಳಲ್ಲಿ ‘ಆತ್ಮವಿಶ್ವಾಸ ವೃದ್ಧಿ’ಯೂ ಒಂದು. ಕೊನೆಯ ದಿನ ಪ್ರಶ್ನಾವಳಿ ಕೊಟ್ಟಾಗ ಬಹುತೇಕ ಮಕ್ಕಳು ‘ಹೆಚ್ಚಿದೆ’ ಎಂದೇ ಬರೆದರು. ಅನುದಾನ ಕೊಟ್ಟ ಸಂಸ್ಥೆಯ ಪರಿಶೀಲಕರು ಇದನ್ನು ಸಾಕ್ಷ್ಯವೆಂದು ಒಪ್ಪುತ್ತಿಲ್ಲ. ಮಕ್ಕಳ ಮಾತಿಗೆ ಬೆಲೆಯಿಲ್ಲವೇ?
— ಉತ್ತರ ಕನ್ನಡ ಜಿಲ್ಲೆಯ ಶಿಕ್ಷಕರು

ಉತ್ತರ: ಮಕ್ಕಳ ಮಾತಿಗೆ ಖಂಡಿತ ಬೆಲೆಯಿದೆ. ಕೇಳಿದ ಹೊತ್ತು ಮತ್ತು ಕೇಳಿದ ಬಗೆಯಲ್ಲಿ ಮಾತ್ರ ತೊಡಕಿದೆ. ವೇಷ ಕಟ್ಟಿ ಕುಣಿದು, ಚಪ್ಪಾಳೆ ಗಿಟ್ಟಿಸಿ, ಗುರುಗಳ ಎದುರಲ್ಲೇ ಕೂತ ಮಗು ಇನ್ನೇನು ಬರೆದೀತು?

ಈ ವಾದ ಹೊಸದೂ ಅಲ್ಲ. ಬ್ರಿಟನ್ನಿನಲ್ಲಿ ಫ್ರಾಂಸ್ವಾ ಮಟರಾಸೊ ಅವರು ಸಮುದಾಯ ಕಲಾ ಯೋಜನೆಗಳ ಬಗ್ಗೆ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಗವಹಿಸಿದ ವಯಸ್ಕರಲ್ಲಿ ಶೇ. 84ರಷ್ಟು ಮಂದಿ ತಮ್ಮ ಆತ್ಮವಿಶ್ವಾಸ ಹೆಚ್ಚಿದೆಯೆಂದು ಹೇಳಿದ್ದರು. ಕಲೆಗೆ ಹಣ ಕೇಳುವವರು ಬಹುಕಾಲ ಆ ಅಧ್ಯಯನವನ್ನು ಮುಂದಿಟ್ಟರು. 2002ರಲ್ಲಿ ಪಾವೊಲಾ ಮೆರ್ಲಿ ಎಂಬ ಸಂಶೋಧಕಿ ಅದರ ವಿಧಾನವನ್ನೇ ಪ್ರಶ್ನಿಸಿದರು: ಯೋಜನೆಗೆ ಮುಂಚಿನ ಸ್ಥಿತಿಯ ದಾಖಲೆಯಿಲ್ಲ, ಭಾಗವಹಿಸದವರೊಡನೆ ಹೋಲಿಕೆಯಿಲ್ಲ, ಹೀಗಿರುವಾಗ ಬದಲಾವಣೆಗೆ ಕಲೆಯೇ ಕಾರಣವೆಂದು ಹೇಳುವುದು ಹೇಗೆ? ನಿಮ್ಮ ಪರಿಶೀಲಕರು ಕೇಳುತ್ತಿರುವುದೂ ಇದನ್ನೇ. ಸಣ್ಣ ತಂಡವೊಂದು ಹೋಲಿಕೆಗೆಂದು ಇನ್ನೊಂದು ಶಾಲೆಯಲ್ಲಿ ಸಮೀಕ್ಷೆ ಮಾಡಬೇಕಾಗಿಲ್ಲ. ಮುಂಚಿನ ಸ್ಥಿತಿಯನ್ನು ಬರೆದಿಡುವುದು ಮಾತ್ರ ಯಾವ ತಂಡಕ್ಕೂ ಸಾಧ್ಯ.

ಆತ್ಮವಿಶ್ವಾಸವನ್ನು ನೇರವಾಗಿ ಕೇಳುವ ಬದಲು ಅದು ಎಲ್ಲಿ ಕಾಣಿಸಿಕೊಳ್ಳುತ್ತದೆಯೋ ಅಲ್ಲಿ ನೋಡಿ. ಯಕ್ಷಗಾನದಲ್ಲಿ ಅದಕ್ಕೆ ಒಳ್ಳೆಯ ಜಾಗವೆಂದರೆ ಮಾತುಗಾರಿಕೆ. ಬಾಯಿಪಾಠ ಮಾಡಿದ ಮಾತನ್ನು ಒಪ್ಪಿಸುವ ಮಗು ಒಂದು ಹಂತದಲ್ಲಿದ್ದರೆ, ಎದುರು ವೇಷದವರು ಮಾತು ಮರೆತಾಗ ಪದದ ಅರ್ಥವನ್ನು ಹಿಡಿದು ತನ್ನದೇ ಎರಡು ವಾಕ್ಯ ಸೇರಿಸಿ ಸಂವಾದವನ್ನು ಮುಂದೆ ನಡೆಸುವ ಮಗು ಬೇರೆ ಹಂತದಲ್ಲಿದೆ. ಇದು ಎಲ್ಲರ ಕಣ್ಣಿಗೆ ಬೀಳುವ, ಬರೆದಿಡಬಹುದಾದ, ಪರಿಶೀಲಕರೂ ಬಂದು ನೋಡಬಹುದಾದ ಸಂಗತಿ. ಹಳೆಯ ಮೇಳಗಳಲ್ಲಿ ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ ಸ್ತ್ರೀವೇಷ, ಪುಂಡುವೇಷ (ಯುವವೀರರ ಪಾತ್ರ)ಗಳ ಮೂಲಕ ಪ್ರಧಾನ ವೇಷಗಳತ್ತ ಸಾಗುವ ಕ್ರಮವೇ ಕಲಿಕೆಯ ಅಳತೆಗೋಲಾಗಿತ್ತು. ಯಾರು ಯಾವ ವೇಷಕ್ಕೆ ಸಿದ್ಧರೆಂಬುದನ್ನು ಮೇಳವೇ ತೀರ್ಮಾನಿಸುತ್ತಿತ್ತು. ಶಾಲೆಯ ಯೋಜನೆಗೆ ಅದನ್ನು ಸರಳಗೊಳಿಸಿ ಬಳಸಬಹುದು. ಇದರ ಜೊತೆಗೆ ತರಗತಿಯ ಶಿಕ್ಷಕರಿಂದ ಒಂದೆರಡು ಗಮನಿಕೆಗಳು ಸಾಕು: ಜೂನ್‌ನಲ್ಲಿ ಎದ್ದು ನಿಂತು ಪಾಠ ಓದಲು ಹಿಂಜರಿಯುತ್ತಿದ್ದವರು ಯಾರು, ಫೆಬ್ರುವರಿಯಲ್ಲಿ ಅವರಲ್ಲಿ ಯಾರು ಓದುತ್ತಿದ್ದಾರೆ.

ಈ ವರ್ಷ ಆರಂಭದ ದಾಖಲೆ ನಿಮ್ಮಲ್ಲಿಲ್ಲ. ಈಗ ಪೋಷಕರನ್ನೂ ಶಿಕ್ಷಕರನ್ನೂ ಬೇರೆ ಬೇರೆಯಾಗಿ ಕಂಡು, ಒಂದೊಂದು ಮಗುವಿನ ಬಗ್ಗೆ ಅವರು ನೆನಪಿಸಿಕೊಳ್ಳುವ ನಿರ್ದಿಷ್ಟ ಘಟನೆಗಳನ್ನು ಬರೆದುಕೊಳ್ಳಿ. ಮೊದಲ ತಿಂಗಳ ತಾಲೀಮನ್ನು ಯಾರಾದರೂ ಮೊಬೈಲಿನಲ್ಲಿ ಚಿತ್ರಿಸಿದ್ದರೆ ಅದನ್ನು ಹುಡುಕಿ. ವರದಿಯಲ್ಲಿ ‘ಇದು ಯೋಜನೆ ಮುಗಿದ ಮೇಲೆ ನೆನಪಿನಿಂದ ಸಂಗ್ರಹಿಸಿದ ಮಾಹಿತಿ’ ಎಂದು ಸ್ಪಷ್ಟವಾಗಿ ಹೇಳಿಬಿಡಿ.

ಪ್ರಶ್ನೆ: ಲೆಕ್ಕ ಪರಿಶೋಧಕರು ಸಹಿ ಮಾಡಿದ ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಿದ ಮೇಲೂ ಪ್ರತ್ಯೇಕ ವರದಿ ಬೇಕೇ?
— ಹಾಸನ

ಉತ್ತರ: ಬೇಕು. ಕೇಂದ್ರ ಸರ್ಕಾರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಪ್ರಮಾಣಪತ್ರ ಕೊಡುತ್ತೀರಿ. ಆ ನಮೂನೆಯನ್ನು ಕೊನೆಯವರೆಗೆ ಓದಿದರೆ, ಹಣದ ಬಳಕೆಯಿಂದ ದೊರೆತ ಫಲಿತಾಂಶಗಳನ್ನು ಅನುಬಂಧದಲ್ಲಿ ಲಗತ್ತಿಸಲಾಗಿದೆ ಎಂಬ ಸಾಲು ಅಲ್ಲೇ ಇರುವುದು ಕಾಣುತ್ತದೆ. ಅನೇಕ ಸಂಸ್ಥೆಗಳು ಅನುಬಂಧವಿಲ್ಲದೆಯೇ ಅದಕ್ಕೆ ಸಹಿ ಹಾಕಿ ಕಳಿಸುತ್ತವೆ. ಇಲ್ಲದ ದಾಖಲೆ ಇದೆಯೆಂದು ಪ್ರಮಾಣೀಕರಿಸಿದಂತೆ ಅದು. ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಪ್ರಮಾಣಪತ್ರ ಸಲ್ಲಿಸಬೇಕೆಂಬುದು ನಿಯಮ. ರಾಜ್ಯದ ಇಲಾಖೆ, ಅಕಾಡೆಮಿಗಳ ಧನಸಹಾಯಕ್ಕೆ ಅವರವರ ಮಂಜೂರಾತಿ ಆದೇಶದಲ್ಲಿರುವ ಷರತ್ತುಗಳೇ ಅನ್ವಯವಾಗುತ್ತವೆ. ಆ ಆದೇಶವನ್ನು ಹಣ ಬಂದ ದಿನವೇ ಓದಿ.

ಪ್ರಶ್ನೆ: ನಮಗೆ ಕೆಲವು ಲಕ್ಷ ರೂಪಾಯಿ ಕೊಟ್ಟ ಕಂಪನಿ, ಹೊರಗಿನ ಏಜೆನ್ಸಿಯಿಂದ ಪರಿಣಾಮ ಮೌಲ್ಯಮಾಪನ ಮಾಡಿಸಿ ಕೊಡಿ, ಕಾನೂನಿನಲ್ಲಿ ಹಾಗಿದೆ ಎನ್ನುತ್ತಿದೆ. ನಿಜವೇ?
— ಬೆಂಗಳೂರು ಗ್ರಾಮಾಂತರ

ಉತ್ತರ: ನಿಮಗೆ ಇದು ಅನ್ವಯಿಸುವುದಿಲ್ಲ. 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂ. ಅಥವಾ ಅದಕ್ಕಿಂತ ಹೆಚ್ಚು ಸಿಎಸ್‌ಆರ್ ಹೊಣೆಗಾರಿಕೆ ಇರುವ ಕಂಪನಿಗಳು, 1 ಕೋಟಿ ರೂ. ಅಥವಾ ಅದಕ್ಕಿಂತ ಹೆಚ್ಚಿನ ವೆಚ್ಚದ, ಮುಗಿದು ಕನಿಷ್ಠ ಒಂದು ವರ್ಷವಾದ ಯೋಜನೆಗಳಿಗೆ ಸ್ವತಂತ್ರ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಮಾಡಿಸುವ ಹೊಣೆ ಕಂಪನಿಯದು. ಅದರ ವೆಚ್ಚವನ್ನು ಒಂದು ಮಿತಿಯೊಳಗೆ ತನ್ನ ಸಿಎಸ್‌ಆರ್ ಖರ್ಚಿನಲ್ಲಿ ತೋರಿಸಲು ಕಂಪನಿಗೆ ಅವಕಾಶವೂ ಇದೆ. ಕಾನೂನಿಗೆ ಹೊರತಾಗಿಯೂ ಅವರು ಕೇಳಬಹುದು, ಆಗ ಅದರ ಹಣವನ್ನು ಬೇರೆಯಾಗಿ ಕೊಡುವಂತೆ ವಿನಯದಿಂದ ಬರೆಯಿರಿ. ಕಲಾವಿದರ ಸಂಭಾವನೆಯನ್ನು ಕಡಿತ ಮಾಡಿ ಮೌಲ್ಯಮಾಪಕರಿಗೆ ಕೊಡುವ ಒಪ್ಪಂದಕ್ಕೆ ಯಾವ ತಂಡವೂ ಸಹಿ ಹಾಕಬಾರದು.

ಪ್ರಶ್ನೆ: ಕಾಡಂಚಿನ ಹಾಡಿಗಳ (ಬುಡಕಟ್ಟು ಜನರ ವಸತಿಗಳ) ಯುವಕರಿಗೆ ಹಿರಿಯರಿಂದ ಹಾಡು ಕಲಿಸುವ ಯೋಜನೆ ನಮ್ಮದು. ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಡುವೆಯೇ ಬಿಟ್ಟರು. ಇದನ್ನು ಬರೆದರೆ ಮುಂದಿನ ಕಂತು ನಿಲ್ಲುತ್ತದೆಂದು ಸಮಿತಿಯವರು ಹೆದರುತ್ತಿದ್ದಾರೆ.
— ಚಾಮರಾಜನಗರ ಜಿಲ್ಲೆ

ಉತ್ತರ: ಬರೆಯಿರಿ, ಆದರೆ ಬಿಟ್ಟರು ಎಂಬಲ್ಲಿಗೆ ನಿಲ್ಲಿಸಬೇಡಿ. ಯಾರು, ಯಾವಾಗ, ಏಕೆ ಬಿಟ್ಟರು ಎಂಬುದನ್ನು ಅವರವರ ಮನೆಗೇ ಹೋಗಿ ಕೇಳಿಕೊಂಡು ಬನ್ನಿ. ನಿಮ್ಮ ಭಾಗದ ಹಾಡಿಗಳಿಂದ ಅನೇಕ ಕುಟುಂಬಗಳು ಕಾಫಿ ಕೊಯ್ಲಿನ ಕಾಲದಲ್ಲಿ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವುದು ನಿಮಗೆ ಗೊತ್ತೇ ಇದೆ. ಹಾಜರಿ ಪುಸ್ತಕದಲ್ಲಿ ಡಿಸೆಂಬರ್‌ನಿಂದ ಸಾಲುಸಾಲಾಗಿ ಗೈರುಹಾಜರಿ ಕಂಡರೆ, ಅವರು ಕಲೆಯಲ್ಲಿ ಆಸಕ್ತಿ ಕಳೆದುಕೊಂಡಿದ್ದಾರೆಂದು ತೀರ್ಮಾನಿಸುವಂತಿಲ್ಲ. ಹಣಕಾಸು ವರ್ಷಕ್ಕೆ ಹೊಂದುವಂತೆ ಮಾಡಿಕೊಂಡ ನಿಮ್ಮ ವೇಳಾಪಟ್ಟಿ ಅವರ ವರ್ಷಕ್ಕೆ ಹೊಂದಲಿಲ್ಲ ಎನ್ನುವುದೇ ನಿಜವಾದ ಕಾರಣವಿರಬಹುದು. ಹಾಗಿದ್ದರೆ ಅದೇ ಈ ವರ್ಷದ ಬಹುಮುಖ್ಯ ತಿಳಿವಳಿಕೆ, ಮುಂದಿನ ಕಂತಿನ ತರಗತಿಗಳನ್ನು ಮಳೆಗಾಲಕ್ಕೆ ಬದಲಾಯಿಸಲು ಅನುಮತಿ ಕೇಳಲು ಅದೇ ಆಧಾರ.

ಬಿಟ್ಟವರಲ್ಲಿ ಕೆಲವರು ತೋಟದ ಲೈನ್ ಮನೆಗಳಲ್ಲಿ ಸಂಜೆ ಹೊತ್ತು ಕಲಿತ ಹಾಡುಗಳನ್ನು ಹಾಡುತ್ತಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಹಾಡುತ್ತಿದ್ದರೆ ಅವರು ಹಾಜರಿ ಪುಸ್ತಕದಿಂದ ಮಾತ್ರ ಹೊರಗಿದ್ದಾರೆ. ಹಣ ಕೊಡುವ ಸಂಸ್ಥೆಗಳಲ್ಲಿ ಓದಿ ನೋಡುವವರು ಇರುತ್ತಾರೆ. ಎಲ್ಲ ಗುರಿಯೂ ನೂರಕ್ಕೆ ನೂರು ಸಾಧಿಸಿದೆಯೆಂಬ ವರದಿಯನ್ನು ಅವರು ಅನುಮಾನದಿಂದಲೇ ನೋಡುತ್ತಾರೆ.

ಪ್ರಶ್ನೆ: ಚೌಡಿಕೆ ಎಂಬ ತಂತಿವಾದ್ಯ ಮೀಟುತ್ತ ಹಾಡುವ ಚೌಡಿಕೆ ಪದಗಳ ದಾಖಲೀಕರಣಕ್ಕೆ ನೆರವು ಕೊಟ್ಟವರು ಒಬ್ಬ ಗಾಯಕಿಯ ‘ಯಶೋಗಾಥೆ’ಯನ್ನು ಹೆಸರು, ಊರು, ಫೋಟೋ ಸಹಿತ ಕಳಿಸಲು ಹೇಳಿದ್ದಾರೆ. ಆಕೆ ಹಿಂದೆ ದೇವದಾಸಿ ಪದ್ಧತಿಯಲ್ಲಿದ್ದವರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿದ್ದಾರೆ. ಆದರೂ ಮನಸ್ಸು ಅಳುಕುತ್ತಿದೆ.
— ಬೆಳಗಾವಿ ಜಿಲ್ಲೆ

ಉತ್ತರ: ನಿಮ್ಮ ಅಳುಕು ಸರಿಯಾಗಿದೆ, ಅದನ್ನು ಬಿಡಬೇಡಿ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1982ರಲ್ಲೇ ಬಂದಿದೆ, ಆದರೂ ಆ ಹಿನ್ನೆಲೆಯ ಹೆಣ್ಣುಮಕ್ಕಳೂ ಅವರ ಮಕ್ಕಳೂ ಇಂದಿಗೂ ಮದುವೆ, ಬಾಡಿಗೆ ಮನೆ, ಶಾಲೆ ಎಲ್ಲ ಕಡೆ ಮಾತು ಕೇಳುತ್ತಾರೆ. ಕಂಪನಿಯ ವಾರ್ಷಿಕ ವರದಿಯಲ್ಲಿ ಅಚ್ಚಾಗುವುದು ಅಂತರ್ಜಾಲಕ್ಕೂ ಹೋಗುತ್ತದೆ. ಆಕೆಯ ಮೊಮ್ಮಗಳು ನಾಳೆ ಅಜ್ಜಿಯ ಹೆಸರು ಹುಡುಕಿದಾಗ ಆ ಒಂದು ಸಾಲು ಸಿಗುತ್ತದೆ. ಹೆಬ್ಬೆಟ್ಟು ಹಾಕುವಾಗ ಆ ತಾಯಿಗೆ ಇದು ತಿಳಿದಿತ್ತೇ ಎಂಬುದೇ ಇಲ್ಲಿರುವ ಪ್ರಶ್ನೆ.

ಅವರ ಮನೆಗೆ ಮತ್ತೊಮ್ಮೆ ಹೋಗಿ. ಬರೆದ ಕಥೆಯನ್ನು ಅವರ ಮಾತಿನಲ್ಲೇ ಓದಿ ಹೇಳಿ, ಫೋಟೋ ಎಲ್ಲೆಲ್ಲಿ ಕಾಣಿಸುತ್ತದೆಂದು ಮೊಬೈಲಿನಲ್ಲಿ ತೋರಿಸಿ, ಮನೆಯ ಮಕ್ಕಳನ್ನೂ ಕೂರಿಸಿಕೊಂಡು ಕೇಳಿ. ಬೇಡವೆಂದರೂ ಅವರ ಗೌರವಧನಕ್ಕೆ ಯಾವ ಕುತ್ತೂ ಬರುವುದಿಲ್ಲವೆಂದು ಮೊದಲೇ ಹೇಳಿ, ಏಕೆಂದರೆ ಹಣ ಕೊಡುವವರ ಪರವಾಗಿ ಬಂದವರ ಮುಂದೆ ‘ಬ್ಯಾಡ್ರಿ’ ಅನ್ನುವುದು ಬಡವರಿಗೆ ಬಹಳ ಕಷ್ಟ. ಅವರು ಒಪ್ಪಿದರೂ ಕಥೆಯ ಕೇಂದ್ರದಲ್ಲಿ ಅವರ ಹಾಡಿಕೆಯೇ ಇರಲಿ: ಎಷ್ಟು ಪದಗಳು ಅವರ ಬಾಯಲ್ಲಿದ್ದವು, ಯಾವುವು ಬೇರೆ ಯಾರಲ್ಲೂ ಸಿಗದವು, ಯಾರು ಕಲಿಯುತ್ತಿದ್ದಾರೆ. ಚೌಡಿಕೆಯ ತಂತಿ ಮೀಟುತ್ತ ರಾತ್ರಿಯಿಡೀ ಯಲ್ಲಮ್ಮನ ಕಥೆ ಹಾಡಬಲ್ಲವರನ್ನು ‘ಪುನರ್ವಸತಿ ಹೊಂದಿದ ಫಲಾನುಭವಿ’ ಎಂದು ಪರಿಚಯಿಸುವುದು ಅವರ ವಿದ್ಯೆಗೆ ಮಾಡುವ ಅನ್ಯಾಯ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇಂಥ ಮಾಹಿತಿಗೆ ತಿಳಿದುಕೊಟ್ಟ ಒಪ್ಪಿಗೆ ಬೇಕೆನ್ನುತ್ತದೆ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನೂ ಕೊಡುತ್ತದೆ. 18 ವರ್ಷದೊಳಗಿನವರಾದರೆ ಪೋಷಕರ ಒಪ್ಪಿಗೆ ಬೇಕು. ಧ್ವನಿಮುದ್ರಿಕೆಯ ಒಂದು ಪ್ರತಿ ಗಾಯಕಿಯ ಮನೆಗೆ ತಲುಪಿದೆಯೇ ಎಂಬುದನ್ನು ನಿಮ್ಮ ಫಲಿತಾಂಶಗಳ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಪ್ರಶ್ನೆ: ಹನ್ನೊಂದು ತಿಂಗಳ ಯೋಜನೆಯಲ್ಲಿ ಕಲೆಯ ಫಲ ಕಾಣುವುದಾದರೂ ಹೇಗೆ? ಇಷ್ಟು ಬೇಗ ಲೆಕ್ಕ ಕೇಳುವುದೇ ತಪ್ಪಲ್ಲವೇ?
— ಶಿವಮೊಗ್ಗ

ಉತ್ತರ: ನಿಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ, 1980ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆ ನಡೆಸಿ ಹಳ್ಳಿ ಪಟ್ಟಣಗಳಲ್ಲಿ ರಂಗ ಶಿಬಿರಗಳನ್ನೂ ಚಲನಚಿತ್ರ ಶಿಬಿರಗಳನ್ನೂ ಏರ್ಪಡಿಸಿತು. ಅದೇ ದಶಕದಲ್ಲಿ, 1985ರಲ್ಲಿ, ಊರೂರಿಗೆ ನಾಟಕ ಒಯ್ಯುವ ಅದರ ‘ತಿರುಗಾಟ’ ಆರಂಭವಾಯಿತು. ಜನಸ್ಪಂದನದ ಅಂತಿಮ ವರದಿಯಲ್ಲಿ ಶಿಬಿರಗಳ ಸಂಖ್ಯೆ ಎಷ್ಟೇ ನಿಖರವಾಗಿದ್ದರೂ, ಆ ಶಿಬಿರಗಳಿಂದ ಊರೂರುಗಳಲ್ಲಿ ತಯಾರಾದ ನಟರು, ಸಂಘಟಕರು, ನೋಡುಗರು ಮುಂದಿನ ದಶಕಗಳ ಕನ್ನಡ ರಂಗಭೂಮಿಗೆ ಏನಾದರು ಎಂಬುದನ್ನು ಅಂದು ಬರೆಯಲು ಸಾಧ್ಯವಿರಲಿಲ್ಲ.

ಹಾಗೆಂದು ಬೇಗ ಲೆಕ್ಕ ಕೇಳುವುದು ತಪ್ಪೆಂದು ನಾನು ಹೇಳಲಾರೆ. ಬಂದದ್ದು ಸಾರ್ವಜನಿಕರ ಹಣ, ಇಲ್ಲವೇ ಬೇರೊಬ್ಬರು ನಂಬಿ ಕೊಟ್ಟ ಹಣ. ಹನ್ನೊಂದನೆಯ ತಿಂಗಳಲ್ಲಿ ಕಾಣುವುದನ್ನು ಮಾತ್ರ ಆಗ ಬರೆಯಿರಿ: ಯಾರು ಏನು ಕಲಿತರು, ಯಾರು ಮುಂದುವರಿಸಲು ಒಪ್ಪಿದ್ದಾರೆ, ತಾಲೀಮಿಗೆ ಜಾಗವನ್ನು ಯಾರು ಕೊಟ್ಟಿದ್ದಾರೆ, ಯೋಜನೆ ಮುಗಿದ ಮೇಲೂ ಊರಿನವರೇ ಚಂದಾ ಎತ್ತಿ ಒಂದು ಆಟ ಆಡಿಸಿದರೇ. ಈ ಕೊನೆಯದನ್ನು ನಾನು ಬಹಳ ದೊಡ್ಡ ಸೂಚನೆಯೆಂದು ಭಾವಿಸುತ್ತೇನೆ. ಹೊರಗಿನ ಹಣ ನಿಂತ ಬಳಿಕ ಊರು ತನ್ನ ಹಣವನ್ನು ಹಾಕಿತೆಂದರೆ ಕಲೆಗೆ ಅಲ್ಲಿ ನೆಲೆ ಸಿಕ್ಕಿದೆ.

ದೂರದ ಫಲಕ್ಕಾಗಿ ಅರ್ಜಿಯ ಹಂತದಲ್ಲೇ ಒಂದು ಸಣ್ಣ ಮೊತ್ತವನ್ನು ಕೇಳಿ. ಯೋಜನೆ ಮುಗಿದ ಎರಡು ವರ್ಷಕ್ಕೆ ಒಬ್ಬರು ಅದೇ ಊರುಗಳಿಗೆ ಹೋಗಿ, ಅದೇ ಹೆಸರುಗಳ ಪಟ್ಟಿ ಹಿಡಿದು ವಿಚಾರಿಸಿ ಬರಲು ಬಸ್ಸಿನ ಖರ್ಚು ಮತ್ತು ಕೆಲವು ದಿನಗಳ ಭತ್ಯೆ ಸಾಕು. ಕೊಡುವವರು ಒಪ್ಪದಿದ್ದರೆ ಕಲಿತವರ ಹೆಸರು, ಊರು, ದೂರವಾಣಿ ಸಂಖ್ಯೆಗಳ ಪುಸ್ತಕವನ್ನು ಅವರ ಒಪ್ಪಿಗೆಯೊಡನೆ ಸಂಸ್ಥೆಯಲ್ಲೇ ಜೋಪಾನವಾಗಿಡಿ. ಪದಾಧಿಕಾರಿಗಳು ಬದಲಾದಾಗ ಲೆಕ್ಕದ ಪುಸ್ತಕಗಳ ಜೊತೆಗೆ ಅದನ್ನೂ ಹೊಸಬರಿಗೆ ಬರವಣಿಗೆಯ ಮೂಲಕ ಹಸ್ತಾಂತರಿಸಿ.